ದೊರೆಯ ಪ್ರತಿಮೆಗಾಗಿ ಕರೆದ ಸಭೆ

ಗುಜರಾತಿನ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಮಣಿನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಗುಜರಾತಿಯಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ನಾನೂ ಅವರನ್ನು ‘ಬಾ’ ಎನ್ನುತ್ತಿದ್ದೆ.

ಹತ್ತಿರದ ಉದ್ಯಾನದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನ ಅಮೃತಶಿಲೆಯ ಪ್ರತಿಮೆಯಿತ್ತು. ತೆಗೆಯಬೇಕೋ ಉಳಿಸಬೇಕೋ ಎಂದು ಜಗಳ ಹತ್ತಿ, ಒಂದು ಭಾನುವಾರ ಸಭೆ ಕರೆದರು. ಬಾ ತಮ್ಮನ್ನೂ ಕರೆದುಕೊಂಡು ಹೋಗೆಂದರು. ಅವರ ಅಜ್ಜ ಕಲ್ಲು ಒಡೆಯುವವರು. ರಸ್ತೆ ಕೆಲಸದಲ್ಲಿ ಜ್ವರವೆಂದು ಒಂದು ದಿನ ಮಲಗಿದ್ದಕ್ಕೆ ಆ ಅಧಿಕಾರಿ ಅವರನ್ನು ಬೇವಿನ ಮರಕ್ಕೆ ಕಟ್ಟಿಸಿ ಹೊಡೆಸಿದ್ದನಂತೆ. ಆಮೇಲೆ ಅವರ ಬಲಗೈ ಏಳಲೇ ಇಲ್ಲ. ಮುಪ್ಪಿನಲ್ಲಿ ಆ ಅಜ್ಜನಿಗೆ ತುತ್ತಿಡುತ್ತಿದ್ದವರು ಪುಟ್ಟ ಹುಡುಗಿಯಾಗಿದ್ದ ಈ ಬಾ.

ಸಭೆಯಲ್ಲಿ ಉಳಿಸಬೇಕೆನ್ನುವವರು ಶಿಲ್ಪದ ನಯ, ಸೇತುವೆ, ರಸ್ತೆ ಎಂದು ಮಾತಾಡಿದರು. ಒಡೆಯಬೇಕೆನ್ನುವವರು ದೇಶ, ಮಾನ, ಗುಲಾಮಗಿರಿ ಎಂದು ಗುಡುಗಿದರು. ಬಾ ಎರಡು ಸಲ ಕೈ ಎತ್ತಿದರು. ಸಭೆ ನಡೆಸುತ್ತಿದ್ದ ಮಹಾಶಯರು ನಗುತ್ತಲೇ, ಆಮೇಲೆ ಎಂದರು. ಊಟದ ಹೊತ್ತಾಯಿತೆಂದು ಅವರು ಮೈಕು ಆರಿಸಲು ಹೊರಟಾಗ ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಅಡ್ಡ ನಿಂತೆ.

“ಏಟು ಬಿದ್ದದ್ದು ಇವರ ಮನೆಯವರಿಗೆ. ಇವರೊಬ್ಬರನ್ನು ಬಿಟ್ಟು ಎಲ್ಲರೂ ಮಾತಾಡಿದಿರಿ,” ಎಂದೆ ನನ್ನ ಮುರುಕು ಹಿಂದಿಯಲ್ಲಿ.

“ನೀವು ಈ ಕಡೆಯವರೇ ಅಲ್ಲ. ನಿಮಗೇಕೆ ಈ ಉಸಾಬರಿ?” ಎಂದರು ಅವರು.

ಆದರೂ ಬಾ ನಿಂತಲ್ಲೇ ನಾಲ್ಕು ಮಾತು ಹೇಳಿಬಿಟ್ಟರು. ಉಳಿಸುವ ಕಡೆಯವರೊಬ್ಬರು ದಾಖಲೆ ಇದೆಯೇ ಎಂದು ಕೇಳಿದರು. ಒಡೆಯುವ ಕಡೆಯವರು ಬಾ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಜ್ಜನ ಹೆಸರೇನೆಂದು ಒಬ್ಬರಾದರೂ ಕೇಳಬೇಡವೇ?

“ಮುರಿಯಲಿ, ಬಿಡಲಿ. ಹೊಡೆಸಿದ್ದ ಅಂತ ಅದರ ಕೆಳಗೆ ಬರೆದರೆ ಸಾಕು,” ಎಂದರು ಬಾ, ಮನೆಗೆ ಮರಳುವಾಗ ರಿಕ್ಷಾದಲ್ಲಿ.

ಮರುವಾರ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಅವರ ಸಹಿ ಹಾಕಿಸಿ, ಸಭೆ ಕರೆದಿದ್ದ ಸಮಿತಿಗೆ ಕೊಟ್ಟು ಬಂದೆ. ಕೆಲವು ತಿಂಗಳಲ್ಲಿ ಪ್ರತಿಮೆಯನ್ನು ಒಂದು ಸಂಗ್ರಹಾಲಯಕ್ಕೆ ಸಾಗಿಸಿದರು. ಎರಡೂ ಕಡೆಯವರು ಗೆದ್ದೆವೆಂದರು. ಬಾ ಜೊತೆ ನೋಡಲು ಹೋದೆ. ಕೆಳಗಿನ ಫಲಕದಲ್ಲಿ ‘ನಗರಕ್ಕೆ ರಸ್ತೆಗಳನ್ನು ಕೊಟ್ಟವರು’ ಎಂದಿತ್ತು. ಗೌರವದ ಬಹುವಚನ ಬೇರೆ! ಬಾ ಅದನ್ನು ಅಕ್ಷರ ಕೂಡಿಸಿ ಎರಡು ಸಲ ಓದಿದರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಈಗ ನಾನು ವಡೋದರಾದ ಮಂಜಲ್‌ಪುರದಲ್ಲಿದ್ದೇನೆ. ಫಲಕ ಬದಲಿಸಿ ಎಂದು ಇಲ್ಲಿಂದ ಸಂಗ್ರಹಾಲಯಕ್ಕೆ ಮೂರನೆಯ ಪತ್ರ ಹಾಕಿದ್ದೇನೆ. ಉತ್ತರ ಬಂದಿಲ್ಲ.