ಕೆರೆಗಳ ಹೆಸರು ಕೇಳುವ ಟಾರ್ಕಿಲ್

ಒಣಗಿಸಿ ಒಲೆಗೆ ಉರಿಸುವ ಜೌಗುಮಣ್ಣು ಕಡಿಯಲು ನಮ್ಮ ಲೂಯಿಸ್ ದ್ವೀಪದಲ್ಲಿ ಬಿಸಿಲು ಬಿದ್ದ ದಿನವೇ ಟಾರ್ಕಿಲ್ ನಕ್ಷೆ ಹಿಡಿದು ಬರುತ್ತಾನೆ. ನಮ್ಮ ಗೇಲಿಕ್ ಭಾಷೆಯ ಹಳೆಯ ಹೆಸರುಗಳನ್ನು ನಕ್ಷೆಗೆ ಸೇರಿಸುವುದು ಅವನ ಕೆಲಸ, ನನ್ನ ಕೆಲಸ ಕೆಡಿಸುವುದು ಅವನ ಅಭ್ಯಾಸ. ಅಂಗೈಯಗಲದ ಕೆರೆಗೂ ಅವನಿಗೆ ಹೆಸರು ಬೇಕು, ಅದನ್ನೂ ಅಲ್ಲಿ ದನ ಕಾದವರೇ ಹೇಳಬೇಕು. ಪಾದ್ರಿ ಹೇಳಿದರೂ ಬರೆಯುವವನಲ್ಲ. ನಮ್ಮ ಮನೆಯಲ್ಲಿ ಕೂತು "ಎಫಿ ಅಜ್ಜಿ, ಈ ಕೆರೆಗೆ ನೀವು ಏನಂತಿದ್ರಿ?" ಎಂದರೆ ಸಾಕು, ಅಜ್ಜಿ ಅದರಲ್ಲಿ ಬಿದ್ದ ಹಸು, ಹಸುವಿನ ಒಡತಿ, ಒಡತಿಯ ಇಬ್ಬರು ಗಂಡಂದಿರು ಎಲ್ಲರನ್ನೂ ದಾಟಿ ಹೆಸರಿಗೆ ಬರುತ್ತಾಳೆ. ಇವನು ಬೆಣ್ಣೆ ಹಚ್ಚಿದ ಓಟ್ಸ್ ರೊಟ್ಟಿ ಮೆಲ್ಲುತ್ತಾ ಗಂಡಂದಿರಿಗೂ ತಲೆಯಾಡಿಸುತ್ತಾನೆ. ಮೊನ್ನೆ ನಾನು ಮಣ್ಣು ಕಡಿಯುವಲ್ಲಿಗೇ ಬಂದಾಗ ರೇಗಿಹೋಯಿತು. "ಲೋ, ನಮ್ಮೂರಿನ ಹೊಂಡ ಎಲ್ಲ ಕೇಳ್ತೀಯಲ್ಲ, ನಿಮ್ಮಜ್ಜಿ ಊರಿಂದು ಮುಗೀತೇನೋ?" ಎಂದೆ. ಅವನು ನಕ್ಷೆ ಬಿಚ್ಚಿ ಒಂದು ಕಣಿವೆ ತೋರಿಸಿದ. ಕೆರೆಗಳಿದ್ದವು, ಒಂದಕ್ಕೂ ಹೆಸರಿರಲಿಲ್ಲ. "ಅಲ್ಲಿ ದನ ಕಾದೋರಲ್ಲಿ ಕೊನೇಗೆ ಉಳಿದಿದ್ದೋಳು ನಮ್ಮಜ್ಜಿ ಒಬ್ಬಳೇ. ಮನೇಲೇ ಇದಾಳಲ್ಲ, ಆಮೇಲೆ ಕೇಳಿದ್ರಾಯ್ತು ಅಂತಿದ್ದೆ ಅಣ್ಣ, ಅಷ್ಟರಲ್ಲಿ ಹೋಗ್ಬಿಟ್ಲು" ಎಂದ. ನಾನು ಸಲಿಕೆ ಅಲ್ಲೇ ಬಿಟ್ಟೆ. "ಗುಡ್ಡದ ಹಿಂದೆ ಇನ್ನೂ ಕೆರೆಗಳಿವೆ, ಹೆಸರು ನಂಗೊಬ್ಬನಿಗೇ ಗೊತ್ತಿರೋದು. ನಡಿ ಬೇಗ" ಎಂದು ಗದರಿಸಿ ಮುಂದೆ ನಡೆದೆ.