ಶುಕ್ರವಾರದ ತಿಂಡಿಗೆ ಅಮೆರಿಕ

ಪುಂಡಿ ಎಂಬ ತಿಂಡಿಯ ದೊಡ್ಡ ಗುಣವೆಂದರೆ, ಅದನ್ನು ಬಾಯಲ್ಲಿಟ್ಟುಕೊಂಡು ಜಗಳವಾಡಲು ಬರುವುದಿಲ್ಲ. ಅಕ್ಕಿ ತರಿಯನ್ನು ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಕೋಳಿಸಾರಿನಲ್ಲಿ ಮುಳುಗಿಸಿದ ಆ ಉಂಡೆ ಒಮ್ಮೆ ಬಾಯೊಳಗೆ ಹೋಯಿತೆಂದರೆ, ಅದು ಗಂಟಲು ದಾಟುವವರೆಗೆ ಎಂಥ ವಾಚಾಳಿಯೂ ಎದುರಾಳಿಯ ಮಾತಿಗೆ ಕಿವಿ ಕೊಡಲೇಬೇಕು. ಕತಾರಿನ ಮುಐದರ್‌ನಲ್ಲಿರುವ ಹಮೀದಾಕನ ಮನೆಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿ ವಿಜಯಳೂ ಪುಂಡಿ ತಿನ್ನತೊಡಗಿ ಇಪ್ಪತ್ತು ವರ್ಷಗಳಾದವು. ಅಷ್ಟು ವರ್ಷ ನಮ್ಮ ಸ್ನೇಹ ಬಾಳಿದ್ದರ ಅರ್ಧ ಪುಣ್ಯ ಆ ಉಂಡೆಗೇ ಸಲ್ಲಬೇಕು.

ಹಮೀದಾಕ ನನಗಿಂತ ಎರಡು ವರ್ಷ ದೊಡ್ಡವರು, ನನ್ನ ತಾಲೂಕಿನವರೇ. ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಹೊಳೆ. ಅಲ್ಲಿ ಆ ಹೊಳೆ ದಾಟದ ನಾವು ಇಲ್ಲಿ ಸಮುದ್ರ ದಾಟಿ ಬಂದು ಪರಿಚಯವಾದೆವು. ಅವರದು ವಾಹನದ ಬಿಡಿಭಾಗಗಳ ಅಂಗಡಿ, ನನ್ನದು ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆಗಳ ಕಡತ ಕಾಯುವ ಕೆಲಸ, ವಾಸ ಬಿನ್ ಒಮ್ರಾನ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನನ್ನ ಬಾಸ್ ಎದುರು ನಾನು ಬಾಯಿ ತೆರೆಯುವವನಲ್ಲ, ಅವರು ತಮ್ಮ ಗಿರಾಕಿಗಳ ಎದುರು ಬಾಯಿ ಮುಚ್ಚುವವರಲ್ಲ. ವಾರವಿಡೀ ಕೂಡಿಟ್ಟ ಮಾತನ್ನು ನಾನು ಶುಕ್ರವಾರ ಅವರ ಮೇಲೆಯೇ ಸುರಿಯಬೇಕಿತ್ತು.

ಮೊದಮೊದಲು ಸುರಿದದ್ದು ಊರಿನ ರಾಜಕೀಯವನ್ನೇ. ಆದರೆ ಒಂದು ಚುನಾವಣೆಯ ಸಮಯದಲ್ಲಿ ನಮ್ಮಿಬ್ಬರ ಸ್ವರ ಎಷ್ಟು ಏರಿತೆಂದರೆ, ಪಕ್ಕದ ವಿಲ್ಲಾದ ಈಜಿಪ್ಟಿನ ಮೇಷ್ಟರು ಓಡಿ ಬಂದು ಯಾರಿಗಾದರೂ ಆಸ್ಪತ್ರೆ ಬೇಕೇ ಎಂದು ವಿಚಾರಿಸಿದರು. ಅವತ್ತು ಹಮೀದಾಕನ ಹೆಂಡತಿ ಜೊಹರಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು ಸಂವಿಧಾನ ಬರೆದುಬಿಟ್ಟರು. "ಇನ್ನು ಈ ಮೇಜಲ್ಲಿ ಊರಿನ ರಾಜಕೀಯ ಖಲಾಸ್. ಮಾತಾಡ್ಲೇಬೇಕು ಅಂತಿದ್ರೆ ಪಾರ್ಸೆಲ್ ಕಟ್ಟಿ ಕೊಡ್ತೇನೆ, ಕಾರಲ್ಲಿ ಕೂತು ಮಾತಾಡಿ."

ಗೆಳೆಯರೇ, ಮನುಷ್ಯ ರಾಜಕೀಯ ಬಿಡಬಹುದು, ಜಗಳ ಬಿಡಲಾರ. ಮುಂದಿನ ಎರಡು ಶುಕ್ರವಾರ ನಾವು ಹವೆಯ ಬಗ್ಗೆ ಮಾತಾಡಿದೆವು. ಕತಾರಿನಲ್ಲಿ ಹವೆಯ ಬಗ್ಗೆ ಹೇಳಲಿಕ್ಕೆ ಇರುವುದು ಎರಡೇ ವಾಕ್ಯ, ಬಿಸಿ ಇದೆ, ತುಂಬಾ ಬಿಸಿ ಇದೆ. ಮೂರನೆಯ ಶುಕ್ರವಾರ ಟಿವಿಯಲ್ಲಿ ಅಮೆರಿಕದ ಇಬ್ಬರು ಅಭ್ಯರ್ಥಿಗಳು ವಾದಕ್ಕೆ ನಿಂತಿದ್ದರು. ಹಮೀದಾಕ ಪುಂಡಿ ಮುರಿಯುತ್ತ, "ಆ ಕೆಂಪು ಟೈಯವ ಹೇಳುವುದು ಸರಿ ಉಂಟು" ಎಂದರು. ಆ ಕ್ಷಣದಲ್ಲಿ ನಾನು ಅವನ ಎದುರಾಳಿಯ ನೀಲಿ ಪಕ್ಷದವನಾದೆ. ಅವರು ನೀಲಿ ಎಂದಿದ್ದರೆ ನಾನು ಕೆಂಪಾಗುತ್ತಿದ್ದೆ, ಇದರಲ್ಲಿ ಸಿದ್ಧಾಂತದ ಪ್ರಶ್ನೆ ಏನೂ ಇರಲಿಲ್ಲ. ಅಮೆರಿಕದಲ್ಲಿಯೂ ಬಹಳ ಮಂದಿ ಹೀಗೆಯೇ, ಎದುರು ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಿಯೇ ಪಕ್ಷ ಹಿಡಿಯುತ್ತಾರೆಂದು ಕೇಳಿದ್ದೇನೆ.

ಅಂದಿನಿಂದ ನಾವು ಅಮೆರಿಕದ ಹೊಣೆಯನ್ನು ಹೆಗಲ ಮೇಲೆ ಹೊತ್ತೆವು. ಅಲ್ಲಿಯ ತೆರಿಗೆ, ಗಡಿ, ಆಸ್ಪತ್ರೆಯ ಬಿಲ್ಲು, ನ್ಯಾಯಾಧೀಶರ ನೇಮಕ, ಯಾವುದನ್ನೂ ಬಿಡಲಿಲ್ಲ. ನಮಗೆ ಅಲ್ಲಿ ಓಟಿಲ್ಲ, ಇಲ್ಲಿಯೂ ಇಲ್ಲ, ಊರಿನಲ್ಲಿ ಹಾಕಬೇಕೆಂದರೆ ರಜೆ ಸಿಗುವುದಿಲ್ಲ. ಹೀಗೆ ಎಲ್ಲಿಯೂ ಓಟಿಲ್ಲದ ಇಬ್ಬರು ಗಂಡಸರಿಗೆ ಒಂದು ದೇಶದ ಬಗ್ಗೆ ಎಷ್ಟು ಖಚಿತವಾದ ಅಭಿಪ್ರಾಯಗಳಿರಬಲ್ಲವೆಂಬುದನ್ನು ನೀವು ನಮ್ಮ ಮೇಜಿಗೆ ಬಂದೇ ನೋಡಬೇಕಿತ್ತು. ಹಮೀದಾಕನಿಗೆ ಅಮೆರಿಕದ ಪರಿಚಯವಾದದ್ದು ಅಲ್ಲಿಯ ಪಿಕಪ್ ಗಾಡಿಗಳ ಗೇರ್‌ಬಾಕ್ಸಿನ ಮೂಲಕ. "ಇಷ್ಟು ಗಟ್ಟಿ ಗೇರ್‌ಬಾಕ್ಸ್ ಮಾಡುವವರು ತಪ್ಪು ಮಾಡುವುದಿಲ್ಲ ಮಾರಾಯ್ರೆ" ಎನ್ನುವುದು ಅವರ ವಿದೇಶಾಂಗ ನೀತಿ. ನನ್ನ ಬಳಿ ಅದಕ್ಕಿಂತ ದೊಡ್ಡ ಆಧಾರವಿತ್ತು: ನನ್ನ ಆಫೀಸಿನಲ್ಲಿ ಟೆಕ್ಸಾಸಿನ ಒಬ್ಬ ಇಂಜಿನಿಯರ್ ಇದ್ದ.

ಒಂದು ದಿನ ಧೈರ್ಯ ಮಾಡಿ ಅವನನ್ನೇ ಕೇಳಿದೆ, ಕೆಂಪೋ ನೀಲಿಯೋ ಎಂದು. ಅವನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ಆ ವಿಷಯ ತಾನು ಮಾತಾಡುವುದಿಲ್ಲವೆಂದ. ಅವನ ತಾಯಿಯ ಮನೆಯ ಹಬ್ಬದೂಟದ ಮೇಜಿನಲ್ಲಿ ಅದಕ್ಕೆ ನಿಷೇಧವಿದೆಯಂತೆ. ನಿಷೇಧ ಮುರಿದ ವರ್ಷದಿಂದ ಅವನೂ ಅವನ ಅಣ್ಣನೂ ಮಾತು ಬಿಟ್ಟಿದ್ದಾರಂತೆ. ಇದನ್ನು ಶುಕ್ರವಾರ ವರದಿ ಮಾಡಿದಾಗ ಹಮೀದಾಕನಿಗೆ ನಿಜವಾಗಿಯೂ ಮರುಕವಾಯಿತು. "ಪಾಪ, ಹಾಗಾದ್ರೆ ಅವರು ಊಟಕ್ಕೆ ಕೂತು ಎಂತ ಮಾತಾಡುವುದು?" ಎಂದರು. ಜೊಹರಕ್ಕ ಅಡುಗೆಮನೆಯಿಂದ, "ನಮ್ಮ ಊರಿದ್ದು ಮಾತಾಡ್ತಾರೋ ಏನೋ!" ಎಂದರು.

ಎಲ್ಲವನ್ನೂ ಹೀಗೆ ನಗುತ್ತಲೇ ಜೀರ್ಣಿಸಿಕೊಂಡ ನಾವು ಒಂದೇ ಒಂದು ವಿಷಯದಲ್ಲಿ ಎಡವಿದೆವು, ಅದು ಕೋವಿ. ಮನೆಯಲ್ಲೊಂದು ಕೋವಿ ಇರುವುದು ಪ್ರತಿಯೊಬ್ಬನ ಹಕ್ಕು, ಕೋವಿ ಇದ್ದಲ್ಲಿ ಕಳ್ಳ ಬರುವುದಿಲ್ಲ ಎಂದು ಹಮೀದಾಕ. ಹೇಳುವವರು ಯಾರು? ಎಂಜಿನ್ ಚಾಲೂ ಇಟ್ಟೇ ಕಾರನ್ನು ರಸ್ತೆಯಲ್ಲಿ ಬಿಟ್ಟು ಕರಕ್ ಚಹಾ ಕುಡಿದು ಬರುವ ಮನುಷ್ಯ! ನಾನಂತೂ ಎಲ್ಲ ಕೋವಿಗಳನ್ನೂ ಒಟ್ಟುಮಾಡಿ ಸಮುದ್ರಕ್ಕೆ ಎಸೆಯಬೇಕೆಂದು ಪಟ್ಟು ಹಿಡಿದಿದ್ದೆ. ಈ ಒಂದು ಮಾತಿನಲ್ಲಿ ಮಾತ್ರ ನನ್ನದು ಆಟವಾಗಿರಲಿಲ್ಲ, ಏಕೆಂದು ಯಾರಿಗೂ ಹೇಳಿರಲಿಲ್ಲ.

ನಿಮ್ಮಲ್ಲಿ ಮುಚ್ಚುಮರೆ ಏಕೆ, ನಮ್ಮ ಮನೆಯಲ್ಲೇ ಒಂದು ಕೋವಿ ಇತ್ತು. ಗೆಣಸು ಅಗೆಯುವ ಹಂದಿಗೆ, ಎಳನೀರು ಉದುರಿಸುವ ಮಂಗಕ್ಕೆ ಎಂದು ಲೈಸೆನ್ಸ್ ಪಡೆದ ಅಪ್ಪನ ಒಂಟಿ ನಳಿಗೆಯ ಕೋವಿ. ನಮ್ಮ ಕಡೆ ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು; ಓಟು ಎಣಿಸಿ ಮುಗಿದ ಮೇಲೆ ಮನೆಗೆ ವಾಪಸು. ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೋವಿಯನ್ನು ಹೆಗಲ ಮೇಲಿನ ಹಳೆಯ ಬೈರಾಸಿನಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿದು, ಮಗಳನ್ನು ಗಂಡನ ಮನೆಗೆ ಬಿಟ್ಟುಬರುವ ಗಾಂಭೀರ್ಯದಲ್ಲಿ ಹೊರಡುತ್ತಿದ್ದರು. ಅಮೆರಿಕದಲ್ಲಿ ಚುನಾವಣೆ ಹತ್ತಿರವಾದರೆ ಜನ ಹೆದರಿ ಇನ್ನೊಂದು ಕೋವಿ ಕೊಳ್ಳುತ್ತಾರೆಂದು ಓದಿದಾಗಲೆಲ್ಲ ನನಗೆ ಅಪ್ಪನ ಆ ಇಸ್ತ್ರಿ ಅಂಗಿಯೇ ಕಣ್ಣಿಗೆ ಕಟ್ಟುತ್ತಿತ್ತು. ಮನುಷ್ಯರು ಪಕ್ಷಗಳಾಗಿ ಒಡೆಯುವ ಕಾಲದಲ್ಲಿ ಕೈಗೆ ಸಿಗದಂತೆ ಇಡಬೇಕಾದ ವಸ್ತು ಯಾವುದೆಂಬುದನ್ನು ನಮ್ಮ ತಾಲೂಕು ಕಚೇರಿಯ ಯಾವುದೋ ಗುಮಾಸ್ತ ಸದ್ದಿಲ್ಲದೆ ಅರ್ಥ ಮಾಡಿಕೊಂಡಿದ್ದ.

ಎರಡು ತಿಂಗಳ ಹಿಂದಿನ ಒಂದು ಶುಕ್ರವಾರ ಟಿವಿಯಲ್ಲಿ ಗುಂಡಿನ ದಾಳಿಯಾದ ಅಮೆರಿಕದ ಶಾಲೆಯೊಂದರ ಎದುರು ಅಳುತ್ತಿರುವ ತಾಯಂದಿರನ್ನು ತೋರಿಸಿದರು. ಕೆಂಪು, ನೀಲಿ ಎರಡೂ ಕಡೆಯವರು ಆಗಲೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. ಹಮೀದಾಕ ಎಂದಿನ ಅಭ್ಯಾಸದಲ್ಲಿ, "ಕೋವಿ ಎಂತ ಮಾಡ್ತದೆ ಪಾಪ, ಹಿಡಿದವ ಸರಿ ಇಲ್ಲದ್ದಕ್ಕೆ" ಎಂದುಬಿಟ್ಟರು. ನನಗೆ ಏನಾಯಿತೋ ತಿಳಿಯದು. "ಒಂದು ದಿನವೂ ಕೋವಿ ಮುಟ್ಟಿ ನೋಡದವರು ಬಾಯಿಗೆ ಬಂದದ್ದು ಮಾತಾಡ್ಬಾರ್ದು" ಎಂದು ಕಿರುಚಿ, ಬಟ್ಟಲಲ್ಲಿ ಎರಡು ಪುಂಡಿ ಹಾಗೆಯೇ ಬಿಟ್ಟು ಎದ್ದುಬಂದೆ. ನಮ್ಮ ಕಡೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಮನೆಯವರನ್ನು ಬೈದರೆ ಕ್ಷಮೆಯುಂಟು, ಅವರು ಬಡಿಸಿದ್ದನ್ನು ಬಿಟ್ಟು ಎದ್ದವನಿಗೆ ಇಲ್ಲ. ಕಾರಿನಲ್ಲಿ ವಿಜಯ, "ಇಪ್ಪತ್ತು ವರ್ಷದ ಮನೆಯನ್ನು ಅಮೆರಿಕಕ್ಕೆ ಕೊಟ್ಟು ಬಂದ್ರಲ್ಲ" ಎಂದಳು. ಆಮೇಲಿನ ಶುಕ್ರವಾರಗಳಲ್ಲಿ ನಾನು ಮನೆಯಲ್ಲಿ ಕೂತು ಬ್ರೆಡ್ಡು ತಿಂದೆ, ಹಮೀದಾಕನೂ ಫೋನು ಮಾಡಲಿಲ್ಲ. ಟೆಕ್ಸಾಸಿನವನು ಲಿಫ್ಟಿನಲ್ಲಿ ಎದುರಾದಾಗಲೆಲ್ಲ ನನಗೆ ಅವನ ಅಣ್ಣನ ನೆನಪಾಗುತ್ತಿತ್ತು.

ಅಷ್ಟರಲ್ಲಿ ಊರಿನಿಂದ ತಮ್ಮ ಉಮೇಶನ ಸಂದೇಶ ಬಂತು. ಅಪ್ಪ ತೀರಿಕೊಂಡು ವರ್ಷವಾಗಿದೆ, ಹೋದ ಚುನಾವಣೆಗೆ ಠಾಣೆಗೆ ಹೋದ ಕೋವಿ ಅಲ್ಲಿಯೇ ಇದೆ, ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಲು ಹಿರಿಯ ಮಗನಾದ ನನ್ನ ಒಪ್ಪಿಗೆ ಪತ್ರ ಬೇಕು, ಅದರ ಮೇಲೆ ನಮ್ಮ ತಾಲೂಕಿನವರೇ ಒಬ್ಬರ ಸಾಕ್ಷಿ ಸಹಿ ಇದ್ದರೆ ಒಳ್ಳೆಯದು. ತಡವಾಗಿ ಮದುವೆಯಾದ ಉಮೇಶನಿಗೆ ಏಳು ವರ್ಷದ ಮಗಳಿದ್ದಾಳೆ, ಮನೆಯ ಪ್ರತಿ ಮೂಲೆಗೂ ಕೈ ಹಾಕುವ ಹುಡುಗಿ. ಆ ಮನೆಗೆ ಕೋವಿ ಮರಳಲಿ ಎಂದು ನಾನು ಹೇಗೆ ಸಹಿ ಹಾಕಲಿ? ಹಾಕದೆ, ಹೊಲದಲ್ಲಿ ದುಡಿಯುವ ತಮ್ಮನಿಗೆ ದೋಹಾದ ಎಸಿಯಲ್ಲಿ ಕೂತು ಬುದ್ಧಿ ಹೇಳಲೇ? ಎರಡು ದಿನ ಒದ್ದಾಡಿದೆ. ಇಡೀ ಕತಾರಿನಲ್ಲಿ ನನಗೆ ಗೊತ್ತಿರುವ ನನ್ನ ತಾಲೂಕಿನ ಮನುಷ್ಯ ಒಬ್ಬರೇ ಆಗಿದ್ದುದು ಮೂರನೆಯ ತೊಂದರೆ.

ಕೊನೆಗೆ ಶುಕ್ರವಾರ ಬೆಳಿಗ್ಗೆ ಕಾಗದ ಮಡಚಿಕೊಂಡು, ವಿಜಯಳನ್ನು ಗುರಾಣಿಯಂತೆ ಮುಂದಿಟ್ಟುಕೊಂಡು ಮುಐದರ್‌ಗೆ ಹೋದೆ. ಬಾಗಿಲು ತೆರೆದ ಜೊಹರಕ್ಕ ನನ್ನನ್ನು ನೋಡಲಿಲ್ಲ, ವಿಜಯಳ ಕೈ ಹಿಡಿದು ಒಳಗೆ ಕರೆದುಕೊಂಡರು. ನಾನು ಹಿಂದೆ ನುಸುಳಿದೆ. ಹಮೀದಾಕ ಕನ್ನಡಕ ಏರಿಸಿ ಕಾಗದ ಓದಿದರು, ತಿರುಗಿಸಿದರು, ಮತ್ತೆ ಓದಿದರು.

"ಶೆಟ್ರೇ, ನಿಮ್ಮ ಮನೆಯಲ್ಲಿ ಕೋವಿ ಉಂಟಾ?"

"ಉಂಟು."

"ಯಾ ಅಲ್ಲಾ! ಇಷ್ಟು ವರ್ಷ ನನ್ನ ಮೇಜಲ್ಲಿ ಕೂತು ಕೋವಿ ಬೇಡ ಬೇಡ ಅಂತ ಕೂಗಿದವರು ನೀವಲ್ವಾ? ನಾನು ಸಹಿ ಹಾಕುದಿಲ್ಲ. ಉಮೇಶನ ಮಗಳು ಸಣ್ಣದು."

"ಕೋವಿ ಎಲ್ಲರ ಹಕ್ಕು ಅಂತ ಹೇಳಿದ್ದು ನೀವಲ್ವಾ?"

"ಅದು ಅಮೆರಿಕದಲ್ಲಿ! ಅಮೆರಿಕದಲ್ಲಿ ನನಗೆ ಯಾರ ಗುರ್ತ ಉಂಟು?"

"ಹಂದಿ ಬರ್ತದೆ ಹಮೀದಾಕ, ಗೆಣಸು ಒಂದೂ ಉಳಿಯುದಿಲ್ಲ" ಎಂದು ನಾನೇ ವಾದಿಸತೊಡಗಿದೆ.

"ಪಟಾಕಿ ಹೊಡೆಯಿರಿ, ಬೇಲಿ ಹಾಕಿ. ಮಕ್ಕಳಿರುವ ಮನೆಯಲ್ಲಿ ಅದೆಲ್ಲ ಬೇಡ."

ನಾನು ಕೆಂಪಾಗಿದ್ದೆ, ಅವರು ನೀಲಿಯಾಗಿದ್ದರು. ಒಳಗಿನಿಂದ ಹೆಂಗಸರಿಬ್ಬರೂ ನಗುವುದು ಕೇಳಿಸಿತು. ನನಗೂ ನಗು ಬಂತು, ನಕ್ಕೆ, ಆದರೆ ನಗು ಅರ್ಧದಲ್ಲಿ ಎಲ್ಲಿಯೋ ಜಾರಿ ಬೇರೇನೋ ಆಯಿತು. ನಲವತ್ತಾರು ವರ್ಷ ಬಾಯಿಬಿಡದ ಮಾತನ್ನು ಅಲ್ಲಿ, ಆ ಮೇಜಿನ ಮುಂದೆ ಹೇಳಿದೆ.

ನನಗೆ ಒಂಬತ್ತು ವರ್ಷ, ಉಮೇಶನಿಗೆ ಐದು. ಬಾಗಿಲ ಹಿಂದೆ ಒರಗಿಸಿಟ್ಟ ಕೋವಿಯನ್ನು ಎತ್ತಿ ಕಳ್ಳ ಪೊಲೀಸ್ ಆಟ ಆಡಿದೆ. ತಮ್ಮ ಕಳ್ಳ. ಅವನ ಎದೆಗೆ ಗುರಿ ಇಟ್ಟು, ದೊಡ್ಡ ಸದ್ದು ಬರುತ್ತದೆಂದು ಹೆದರಿ ಕಣ್ಣು ಮುಚ್ಚಿಕೊಂಡು, ಕೋವಿಯ ಕುದುರೆ ಎಳೆದೆ. ಟಕ್ ಎಂದಿತು, ಅಷ್ಟೇ. ಹಂದಿಯ ಕಾಟವಿದ್ದ ಆ ತಿಂಗಳುಗಳಲ್ಲಿ ಅಪ್ಪ ಅದನ್ನು ಯಾವಾಗಲೂ ತುಂಬಿಸಿಯೇ ಇಡುತ್ತಿದ್ದರು. ಆ ದಿನ ಮಾತ್ರ ತೋಟೆ ತೆಗೆದಿದ್ದರು, ಏಕೆಂದರೆ ಚುನಾವಣೆ ಬಂದಿತ್ತು, ಮಧ್ಯಾಹ್ನದ ಬಸ್ಸಿಗೆ ಕೋವಿ ಠಾಣೆಗೆ ಹೋಗುವುದಿತ್ತು. ಯಾವ ಪಕ್ಷ ಗೆದ್ದಿತೋ ನನಗೆ ನೆನಪಿಲ್ಲ. ನನ್ನ ತಮ್ಮ ಉಳಿದ.

ಹಮೀದಾಕ ತಮ್ಮ ಫೋನನ್ನು ನನ್ನ ಮುಂದೆ ಸರಿಸಿ, "ಅವನಿಗೇ ಹೇಳಿ. ಯಲ್ಲಾ, ಈಗಲೇ" ಎಂದರು. ಮಾಡಿದೆ. ಸ್ಪೀಕರಿನಲ್ಲಿ ಉಮೇಶನ ಸ್ವರ ಬಂತು. "ಕಾಗದಕ್ಕೆ ಸಹಿ ಹಾಕುವ ಮೊದಲು ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು ತಮ್ಮ, ನಿನಗೆ ನೆನಪಿರ್ಲಿಕ್ಕಿಲ್ಲ, ನೀನು ಸಣ್ಣವ" ಎಂದು ತೊಡಗಿದೆ.

"ಕಳ್ಳ ಪೊಲೀಸ್ ಆಟದ್ದಾ?" ಎಂದ ಉಮೇಶ.

ನಾನು ಹೂಂ ಎಂದೆ.

"ನನಗೆ ಎಲ್ಲ ನೆನಪುಂಟು ಅಣ್ಣ. ಕಣ್ಣು ಮುಚ್ಚಿದ್ದು ನೀನು, ನಾನಲ್ಲ. ಆಮೇಲೆ ನೀನು ಆ ಕೋಣೆಗೆ ಕಾಲಿಡಲಿಲ್ಲ, ಅದನ್ನೂ ನೋಡಿದ್ದೇನೆ. ಅಪ್ಪನಿಗೆ ಗೊತ್ತಾದ್ರೆ ನಿನಗೆ ಹೊಡೀತಾರೆ ಅಂತ ಯಾರ ಹತ್ರವೂ ಹೇಳ್ಲಿಲ್ಲ. ಈಗ ಹಿರಿಮಗ ಅಂತ ಠಾಣೆಯವರು ಕೋವಿಯನ್ನು ನಿನ್ನ ಕೈಗೆ ಕೊಡುವುದು ಬೇಡ ಅಂತಲೇ ನನ್ನ ಹೆಸರಿಗೆ ಕೇಳಿದ್ದು. ನನ್ನ ಹೆಸರಿಗೆ ಆದ ದಿನವೇ ಠಾಣೆಗೇ ಕಾಯಂ ಒಪ್ಪಿಸಿ ಬರ್ತೇನೆ, ಮನೆಗೆ ತರುದಿಲ್ಲ. ನೀನು ಸಹಿ ಹಾಕು, ಸಾಕು."

ನಾನು ಸಹಿ ಹಾಕಿದೆ. ಹಮೀದಾಕ ಪೆನ್ನು ತೆಗೆದುಕೊಂಡು, ಸಾಕ್ಷಿ ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದರು. ನನಗೆ ಕಾಗದವೇ ಕಾಣಿಸುತ್ತಿರಲಿಲ್ಲ, ಜೊಹರಕ್ಕ ಬಂದು ಬೆರಳಿಟ್ಟು ಜಾಗ ತೋರಿಸಿದರು.