ಎಳೆ ತಪ್ಪಿದರೆ

ಪರದೆಯ ಮೇಲಿನ ಚಿತ್ರಕಾರ ತಾನೇ ಬರೆದ ಚಿತ್ರಕ್ಕೆ ಚಾಕು ಎತ್ತಿದ್ದ. ಹೆಂಗಸರ ಸಾಲಿನಿಂದ ಹುಸೇನಬಿ ದಡಕ್ಕನೆ ಎದ್ದು, "ಬ್ಯಾಡೋ ಯಪ್ಪಾ, ಹರೀಬ್ಯಾಡೋ!" ಎಂದು ಕೂಗಿಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು.

ಎಂಬತ್ತರ ದಶಕದ ಮಾತು. ನೊಂದು ಬದುಕಿದ ಹೊರದೇಶದ ಕಲಾವಿದನೊಬ್ಬನ ಆ ಸಿನಿಮಾವನ್ನು ನವಲಗುಂದದ ನಮ್ಮ ಶಾಲೆಗೆ ತರಿಸಿದ್ದು ಡ್ರಾಯಿಂಗ್ ಮಾಸ್ತರನಾಗಿದ್ದ ನಾನೇ. ಮಧ್ಯಾಹ್ನದ ಬೆಳಕು ಬಾರದಂತೆ ಕಿಟಕಿಗಳಿಗೆ ಕಟ್ಟಿದ್ದ ಜಮಖಾನೆಗಳು ಹುಸೇನಬಿ ನೇಯ್ದವು.

ಸಿನಿಮಾ ಮುಗಿದ ಮೇಲೆ ಅವನ್ನು ಮಡಚುತ್ತ ಆಕೆ ಕೇಳಿದಳು: "ಮಾಸ್ತರ್ರ, ಅಂವಾ ಅದನ್ಯಾಕ ಹರದಾನ್ರಿ? ನಾವು ಎಳಿ ತಪ್ಪಿದ್ರ ಅಲ್ಲೀಮಟಾ ಬಿಚ್ಚಿ ಮತ್ತ ನೇಯ್ತೀವ್ರಿ. ಒಂದು ಎಳಿ ಸಲುವಾಗಿ ಇಡೀ ಜಮಖಾನಿ ಯಾರರ ಹರೀತಾರೇನ್ರಿ?"

ಕಲಾವಿದರ ಮನಸ್ಸೇ ಬೇರೆ ಎಂದೇನೋ ಹೇಳಲು ಹೊರಟವನು, ಆಕೆಯ ಕೈಯಲ್ಲಿದ್ದ ಜಮಖಾನೆಯ ಇನ್ನೊಂದು ತುದಿ ಹಿಡಿದು ಮಡಚತೊಡಗಿದೆ. ಆ ವಾರವಷ್ಟೇ, ಮೂಗು ಸರಿಬರಲಿಲ್ಲವೆಂಬ ಸಿಟ್ಟಿಗೆ, ನಮ್ಮ ಅವ್ವನ ಚಿತ್ರವನ್ನು ಹರಿದು ಒಲೆಗೆ ಹಾಕಿದ್ದೆ.

ಅವ್ವ ಈಗಿಲ್ಲ. ಆಕೆ ಒಂದು ಫೋಟೋ ಕೂಡ ತೆಗೆಸಿಕೊಂಡವಳಲ್ಲ. ಆಕೆಯ ಮೊಮ್ಮಕ್ಕಳು ಅಜ್ಜಿ ಹೇಗಿದ್ದಳೆಂದು ಕೇಳಿದಾಗಲೆಲ್ಲ, ಮೂಗು ತಪ್ಪಿದ್ದ ಆ ಮುಖವೇ ನನಗೆ ನೆನಪಾಗುತ್ತದೆ.